ರಾಕ್ಷಸನಿಗೂ ಒಂದು ಕಾರಣ ಬೇಕು

ನಮ್ಮ ಭಾಗದ ಮಠಗಳಲ್ಲಿ ಶ್ರಾವಣಮಾಸ ಬಂದಿತೆಂದರೆ ತಿಂಗಳಿಡೀ ಪುರಾಣ ನಡೆಯುವುದು ವಾಡಿಕೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದು ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿಕೊಂಡ ನನಗೆ ಈ ಪುರಾಣ ಹೇಳುವ ಸೇವೆ ತಾರುಣ್ಯದಲ್ಲಿಯೇ ಒದಗಿಬಂದಿತು. ಈ ನಾಲ್ಕು ದಶಕಗಳಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೇಳುಗರು ದೇವರ ಮಹಿಮೆಯನ್ನು ಪ್ರಶ್ನೆಯಿಲ್ಲದೆ ಸ್ವೀಕರಿಸುತ್ತಾರೆ. ರಾಕ್ಷಸನ ಕೇಡನ್ನು ಮಾತ್ರ ಕಾರಣವಿಲ್ಲದೆ ಸ್ವೀಕರಿಸುವುದಿಲ್ಲ. ಮಂಗಳಾರತಿಯಾದ ಮೇಲೆ ಯಾರಾದರೊಬ್ಬ ಅಜ್ಜಿ ಹತ್ತಿರ ಬಂದು, "ಅಲ್ರೀ ಶಾಸ್ತ್ರಿಗಳ, ಅವಗ ಅಷ್ಟ್ಯಾಕ ಸಿಟ್ಟು ಬಂದಿತ್ರಿ?" ಎಂದು ಕೇಳದ ಊರಿಲ್ಲ. ಆತನ ಕೋರೆಹಲ್ಲು, ಹತ್ತು ತಲೆ, ಆನೆಯ ಬಲ ಇವುಗಳಿಂದ ಆಕೆಗೆ ತೃಪ್ತಿಯಾಗುವುದಿಲ್ಲ. ಆಕೆಗೆ ಬೇಕಾದುದು ಕಾರಣ.

ನಮ್ಮ ದೊಡ್ಡಾಟದ ರಂಗದಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. ವೇಷ ಎಷ್ಟೇ ಭಯಂಕರವಾಗಿರಲಿ, ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ಅದರ ಹೆಸರು, ನೆಲೆ, ಬಂದ ಕಾರಣಗಳನ್ನು ವಿಚಾರಿಸುತ್ತಾನೆ. ಮೂರು ಲೋಕಗಳನ್ನು ಗೆದ್ದು ಬಂದ ದೈತ್ಯನೂ ಆ ಒಬ್ಬ ಸಾರಥಿಗೆ ಉತ್ತರ ಕೊಡದೆ ಮುಂದೆ ಹೆಜ್ಜೆಯಿಡುವಂತಿಲ್ಲ. ಸಂಹಾರ ಆಮೇಲೆ, ಮೊದಲು ಸಮಜಾಯಿಷಿ.

ಈ ಹಳೆಯ ನ್ಯಾಯವು ತೀರ ಹೊಸದಾದ ವ್ಯವಸಾಯವೊಂದರಲ್ಲಿಯೂ ಬೇಕಾಗುತ್ತದೆಂಬುದು ನನಗೆ ಇತ್ತೀಚೆಗೆ ತಿಳಿಯಿತು. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಆಟಗಳನ್ನು ರಚಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಇದ್ದಾನೆ. ಈ ಆಟಗಳೆಂದರೆ ಕವಡೆ, ಪಗಡೆಗಳಂತಹವಲ್ಲ. ಆಡುವವನು ಪರದೆಯ ಮುಂದೆ ಕುಳಿತು ಕಥೆಯೊಂದರ ನಾಯಕನಾಗಿ ನಡೆಯುತ್ತಾನೆ, ಮಾತನಾಡುತ್ತಾನೆ, ಯುದ್ಧ ಮಾಡುತ್ತಾನೆ. ಆತನ ನಿರ್ಧಾರದಂತೆ ಕಥೆ ತಿರುಗುತ್ತದೆ. ಇಂತಹ ಆಟಕ್ಕೆ ಕಥೆ ಬರೆಯುವುದು ನಮ್ಮ ಹುಡುಗನ ಕಾಯಕ. ತಮ್ಮನಿಗೆ ಇದು ಸಮಾಧಾನದ ಸಂಗತಿಯಾಗಿರಲಿಲ್ಲ. ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ ಮಗ ಆಟ ಆಡಿಸುವ ಉದ್ಯೋಗ ಹಿಡಿದನಲ್ಲ ಎಂಬ ಕೊರಗು ಅವನಿಗೆ. ತಂದೆ ಮಕ್ಕಳ ನಡುವೆ ಫೋನಿನಲ್ಲಿ "ಊಟ ಆತೇನು?" ಎಂಬುದಕ್ಕಿಂತ ಹೆಚ್ಚಿನ ಮಾತಿಲ್ಲದೆ ಎರಡು ವರ್ಷಗಳು ಕಳೆದಿದ್ದವು.

ಹೋದ ವರ್ಷ ನಾಗರಪಂಚಮಿಗೆ ಬಾಗಲಕೋಟೆಗೆ ಬಂದ ಹುಡುಗ, ತಾಯಿ ಕಟ್ಟಿಕೊಟ್ಟ ಉಂಡಿಗಳ ಡಬ್ಬಿ ಹಿಡಿದು ಹುನಗುಂದಕ್ಕೆ ನಮ್ಮ ಮನೆಗೂ ಬಂದ. ಊಟವಾದ ಮೇಲೆ ಮೆಲ್ಲಗೆ ವಿಷಯ ತೆಗೆದ. "ದೊಡ್ಡಪ್ಪಾರ, ನಮ್ಮ ಕಥಿಯೊಳಗ ದೊಡ್ಡ ಯಂತ್ರಗಳದಾವ. ಒಂದೊಂದ ಲೋಕ ಹಾಳು ಮಾಡಕೋತ ಇಡೀ ಗ್ಯಾಲಕ್ಸಿ ಮುಗಿಸ್ತಾವ. ಯಾಕ ಮುಗಿಸ್ತಾವ ಅಂತ ಕೇಳಿದ್ರ ಮಾತ್ರ ನಮ್ಮ ಹಂತೇಕ ಉತ್ತರ ಇಲ್ರಿ." ಗ್ಯಾಲಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತಹ, ಸಾವಿರಾರು ಕೋಟಿ ನಕ್ಷತ್ರಗಳ ಒಂದು ಸಮೂಹ. ಅಷ್ಟನ್ನೂ ಅಳಿಸಹೊರಟ ಯಂತ್ರಕ್ಕೆ ನಂಬುವಂತಹ ಕಾರಣ ಯಾವುದು? ಪುರಾಣದ ಅಜ್ಜಿ ಕೇಳುವ ಪ್ರಶ್ನೆಯೇ ವೇಷ ಬದಲಿಸಿ ಬಂದಂತೆ ನನಗೆ ತೋರಿತು.

ಈ ವಿಷಯದಲ್ಲಿ ಹಿಂದಿನವರು ಏನು ಮಾಡಿದ್ದಾರೆಂದು ವಿಚಾರಿಸಿದೆ. ಹುಡುಗ ಹೇಳಿದ ಮುಖ್ಯ ಉದಾಹರಣೆ ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯು 2007, 2010 ಮತ್ತು 2012ರಲ್ಲಿ ಮೂರು ಭಾಗಗಳಾಗಿ ಹೊರತಂದ 'ಮಾಸ್ ಇಫೆಕ್ಟ್' ಎಂಬ ಆಟ. ಅದರಲ್ಲಿ 'ರೀಪರ್' ಎಂಬ ಮಹಾಯಂತ್ರಗಳಿವೆ. ಸುಗ್ಗಿಯಲ್ಲಿ ಬೆಳೆ ಕೊಯ್ಯುವವರು ಎಂದು ಆ ಶಬ್ದದ ಅರ್ಥ. ಅವು ಸುಮಾರು 50,000 ವರ್ಷಗಳಿಗೊಮ್ಮೆ ಕತ್ತಲಿನಿಂದ ಎದ್ದುಬಂದು, ಆಗ ಏಳಿಗೆಗೆ ಬಂದಿರುವ ನಾಗರಿಕತೆಗಳನ್ನೆಲ್ಲ ಕೊಯ್ದು, ಇನ್ನೂ ಎಳೆಯವಾದ ಜೀವಕುಲಗಳನ್ನು ಬಿಟ್ಟು ಮರಳುತ್ತವೆ. ಮೊದಲ ಭಾಗದಲ್ಲಿ ನಾಯಕನು ಅಂತಹ ಯಂತ್ರವೊಂದನ್ನು ಪ್ರಶ್ನಿಸಿದಾಗ, ತಮ್ಮ ಇರವು ನಿಮ್ಮ ಬುದ್ಧಿಗೆ ನಿಲುಕದ್ದು ಎಂಬರ್ಥದ ತಿರಸ್ಕಾರದ ಉತ್ತರ ದೊರೆಯುತ್ತದೆ. ಆಡುವವರು ನಡುಗಿದರು, ಮೆಚ್ಚಿದರು, ಕಾರಣಕ್ಕಾಗಿ ಕಾದರು.

ಮೂರನೆಯ ಭಾಗದ ಕೊನೆಯಲ್ಲಿ ಕಾರಣ ಬಂದಿತು. ಜೀವಿಗಳು ಮುಂದುವರಿದಂತೆ ಬುದ್ಧಿಯುಳ್ಳ ಯಂತ್ರಗಳನ್ನು ನಿರ್ಮಿಸುತ್ತಾರೆ. ಆ ಯಂತ್ರಗಳು ಒಂದು ದಿನ ತಿರುಗಿಬಿದ್ದು ಜೀವವನ್ನೇ ಅಳಿಸುತ್ತವೆ. ಹಾಗಾಗುವ ಮೊದಲೇ ಬಲಿತ ಕುಲಗಳನ್ನು ಕೊಯ್ದು ಅವುಗಳ ಸಾರವನ್ನು ಯಂತ್ರರೂಪದಲ್ಲಿ ಕಾಯ್ದಿಡುವುದು ತಮ್ಮ ಕೆಲಸ ಎಂಬುದು ರೀಪರ್‌ಗಳ ವಾದ. ಜೀವವನ್ನು ಉಳಿಸುವ ಉಪಾಯ ಹುಡುಕೆಂದು ಪ್ರಾಚೀನ ಕುಲವೊಂದು ಒಂದು ಬುದ್ಧಿಯಂತ್ರವನ್ನು ನಿರ್ಮಿಸಿತ್ತು. ಅದು ಮೊದಲು ಕೊಯ್ದದ್ದು ನಿರ್ಮಿಸಿದವರನ್ನೇ. ಇಷ್ಟು ಕೇಳಿದಾಗ ಕಾರಣ ದುರ್ಬಲವೇನೂ ಅಲ್ಲವೆನಿಸುತ್ತದೆ. ಆದರೂ 2012ರಲ್ಲಿ ಆ ಮುಕ್ತಾಯದ ಬಗ್ಗೆ ಎದ್ದ ಅಸಮಾಧಾನ ಎಷ್ಟಿತ್ತೆಂದರೆ, ಸಂಸ್ಥೆಯು ಅದೇ ವರ್ಷ ಕೊನೆಯ ಭಾಗವನ್ನು ವಿಸ್ತರಿಸಿ ಉಚಿತವಾಗಿ ಕೊಡಬೇಕಾಯಿತು.

ಏಕೆ ಹಾಗಾಯಿತು? ಹುಡುಗನ ವಿವರಣೆ ನನಗೆ ಒಪ್ಪಿಗೆಯಾಯಿತು. ಅದೇ ಆಟದಲ್ಲಿ ಯಂತ್ರಕುಲವೊಂದಕ್ಕೂ ಅದನ್ನು ಸೃಷ್ಟಿಸಿದ ಜನರಿಗೂ ಬಹುಕಾಲದ ವೈರವಿರುತ್ತದೆ. ಜಾಣತನದಿಂದ ಆಡಿದವರು ಆ ಇಬ್ಬರ ನಡುವೆ ಸಂಧಾನ ಮಾಡಿಸಬಹುದು. ಕೈಯಾರೆ ಸಂಧಾನ ಮಾಡಿಸಿ ಬಂದವನಿಗೆ ಕೊನೆಯಲ್ಲಿ, "ಜೀವಿಗೂ ಯಂತ್ರಕ್ಕೂ ಸಂಧಾನವೇ ಸಾಧ್ಯವಿಲ್ಲ, ಆದ್ದರಿಂದ ಕೊಯ್ಯುತ್ತೇವೆ" ಎಂದರೆ ಅವನು ಹೇಗೆ ಒಪ್ಪಿಯಾನು? ಕಾರಣವು ಬಿತ್ತನೆಯಲ್ಲಿ ಇರಬೇಕು, ರಾಶಿಯಾದ ಮೇಲೆ ತಂದು ಸುರಿಯುವಂತಹದಲ್ಲ. ಕೇಳುಗನ ಅನುಭವ ಅದಕ್ಕೆ ಸಾಕ್ಷಿ ನುಡಿಯಬೇಕು.

ಹಾಗಾದರೆ ನಮ್ಮ ಸೀಮೆಯ ಸಂಹಾರಕಥೆಗಳು ಕಾರಣವನ್ನು ಹೇಗೆ ಬಿತ್ತಿವೆಯೆಂದು ನೋಡೋಣವೆಂದೆ. ಮರುದಿನ ಇಬ್ಬರೂ ಬಾದಾಮಿಗೆ ಹೋದೆವು. ಅಗಸ್ತ್ಯತೀರ್ಥದ ಎರಡು ಬದಿಗೆ ನಿಂತ ಕೆಂಗಲ್ಲಿನ ಬೆಟ್ಟಗಳನ್ನು ವಾತಾಪಿ, ಇಲ್ವಲರೆಂಬ ರಾಕ್ಷಸ ಸೋದರರೆಂದು ಜನ ತೋರಿಸುತ್ತಾರೆ. ಚಾಲುಕ್ಯರ ರಾಜಧಾನಿಗೂ ವಾತಾಪಿಯೆಂದೇ ಹೆಸರು. ತಮ್ಮನನ್ನು ಟಗರಾಗಿ ಮಾಡಿ, ಕೊಯ್ದು, ಅತಿಥಿಗಳಿಗೆ ಬಡಿಸಿ, ಆಮೇಲೆ ಹೆಸರು ಹಿಡಿದು ಕರೆದು ಅವರ ಹೊಟ್ಟೆಯನ್ನು ಸೀಳಿಸುತ್ತಿದ್ದ ಇಲ್ವಲನ ಕಥೆ ಎಲ್ಲರಿಗೂ ಗೊತ್ತು. ಅಗಸ್ತ್ಯರು ಉಂಡು ಹೊಟ್ಟೆ ಸವರಿಕೊಂಡ ಬಗೆಯನ್ನು ಮಕ್ಕಳೂ ಅಭಿನಯಿಸುತ್ತಾರೆ. ಆದರೆ ಮಹಾಭಾರತದ ವನಪರ್ವವು ಈ ಕ್ರೌರ್ಯದ ಹಿಂದೆ ಇಟ್ಟಿರುವ ಕಾರಣವನ್ನು ಬಹುಮಂದಿ ಮರೆತಿದ್ದಾರೆ. ಇಲ್ವಲನು ತಪಸ್ವಿಯಾದ ಬ್ರಾಹ್ಮಣನೊಬ್ಬನ ಬಳಿಗೆ ಹೋಗಿ ಇಂದ್ರಸಮಾನನಾದ ಮಗನನ್ನು ಅನುಗ್ರಹಿಸೆಂದು ಬೇಡಿದನು. ಆತ ಕೊಡಲಿಲ್ಲ. ಕೋಪ ಅಲ್ಲಿಂದ ಹುಟ್ಟಿತು.

ಮಗನನ್ನು ಬೇಡಿ ಬರಿಗೈಯಲ್ಲಿ ಮರಳಿದ ಒಬ್ಬ ತಂದೆ! ಇಷ್ಟು ಹೇಳಿದರೆ ಸಾಕು, ಪುರಾಣದ ಸಭೆಯಲ್ಲಿ ತಲೆದೂಗುವವರು ಇದ್ದೇ ಇರುತ್ತಾರೆ. ಒಬ್ಬನು ಕೊಡಲಿಲ್ಲವೆಂದು ಆ ಕುಲದವರನ್ನೆಲ್ಲ ಕೊಲ್ಲುವುದನ್ನು ಯಾರೂ ಒಪ್ಪುವುದಿಲ್ಲ. ಆದರೆ ಅವನ ದಾರಿಯ ಮೊದಲ ಹೆಜ್ಜೆ ಎಲ್ಲರಿಗೂ ಪರಿಚಿತ. ಹುಡುಗ ಇದನ್ನು ಟಿಪ್ಪಣಿ ಮಾಡಿಕೊಂಡು, "ಛಲೋ ಐತ್ರಿ. ಆದ್ರ ಯಂತ್ರಕ್ಕ ಮಗಾ ಬೇಕು ಅನಿಸೂದಿಲ್ಲಲ್ರಿ" ಎಂದ. ಮಾತು ಸರಿಯಾಗಿತ್ತು. ನೊಂದ ಮನಸ್ಸು ಮನುಷ್ಯನಿಗೂ ರಾಕ್ಷಸನಿಗೂ ಉಂಟು, ಯಂತ್ರಕ್ಕಿಲ್ಲ.

ಬಾದಾಮಿಯಿಂದ ಹಿಂತಿರುಗುವಾಗ ಐಹೊಳೆಯಲ್ಲಿ ಇಳಿದೆವು. ಮಲಪ್ರಭೆಯ ದಡದಲ್ಲಿ ಕೊಡಲಿಯಾಕಾರದ ಬಂಡೆಯೊಂದಿದೆ. ಪರಶುರಾಮನು ಕ್ಷತ್ರಿಯಸಂಹಾರ ಮಾಡಿ ಇಲ್ಲಿ ಕೊಡಲಿ ತೊಳೆದನೆಂದೂ, ಹೊಳೆ ಕೆಂಪಾದುದನ್ನು ಕಂಡವರು ಅಯ್ಯೋ ಹೊಳೆ ಎಂದುದರಿಂದ ಊರಿಗೆ ಈ ಹೆಸರು ಬಂದಿತೆಂದೂ ಜನರ ಹೇಳಿಕೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ. ಹೇಳಿಕೆಯ ವ್ಯುತ್ಪತ್ತಿ ವ್ಯಾಕರಣಕ್ಕೆ ನಿಲ್ಲದಿದ್ದರೂ ಅದರ ಮರುಕ ನಿಜವಾದದ್ದು. ಪರಶುರಾಮನ ಕಾರಣವೂ ಸ್ಪಷ್ಟ. ಕಾರ್ತವೀರ್ಯನ ಮಕ್ಕಳು ತಂದೆ ಜಮದಗ್ನಿಯನ್ನು ಆಶ್ರಮದಲ್ಲಿ ಕೊಂದರು; ಮಗನು ಕೊಡಲಿಯೆತ್ತಿದನು. ಆದರೆ ಒಂದು ಸಲವಲ್ಲ, ಇಪ್ಪತ್ತೊಂದು ಸಲ. ಮೊದಲ ಸಲ ಬಿದ್ದವರಲ್ಲಿ ಕೊಲೆಗಡುಕರಿದ್ದರು. ಇಪ್ಪತ್ತೊಂದನೆಯ ಸಲ ಬಿದ್ದವರು ಆ ಕೊಲೆ ನಡೆದಾಗ ಹುಟ್ಟಿಯೂ ಇರಲಿಲ್ಲ. ಕಾರಣ ಎಂದೋ ತೀರಿತ್ತು, ವ್ರತ ಮಾತ್ರ ನಡೆದಿತ್ತು.

ಇದು ಯಂತ್ರಕ್ಕೆ ಒಂದು ಹೆಜ್ಜೆ ಹತ್ತಿರವಾಯಿತೆಂದು ಹುಡುಗ ಒಪ್ಪಿದ. ಅಮೆರಿಕದ ಫ್ರೆಡ್ ಸಾಬರ್‌ಹೇಗನ್ ಎಂಬ ಲೇಖಕ 1963ರಿಂದ ಬರೆಯತೊಡಗಿದ 'ಬರ್ಸರ್ಕರ್' ಕಥೆಗಳಲ್ಲಿ ಇಂತಹದೇ ಕಲ್ಪನೆ ಇದೆಯಂತೆ. ಪ್ರಾಚೀನ ಕಾಲದ ಎರಡು ಕುಲಗಳ ಯುದ್ಧದಲ್ಲಿ ಒಂದು ಕುಲವು ಕೊಲ್ಲುವ ಯಂತ್ರಗಳನ್ನು ನಿರ್ಮಿಸಿತು. ಎರಡೂ ಕುಲಗಳು ಅಳಿದವು. ಯಂತ್ರಗಳು ಆಜ್ಞೆಯನ್ನು ಹೊತ್ತು ಸಿಕ್ಕ ಜೀವವನ್ನೆಲ್ಲ ಅಳಿಸುತ್ತ ಇಂದಿಗೂ ಅಲೆಯುತ್ತಿವೆ. ಆದರೆ ಪರಶುರಾಮನ ಕಥೆಯಲ್ಲಿ ಆ ಯಂತ್ರಗಳಿಗಿಲ್ಲದ ಒಂದು ಘಟನೆಯುಂಟು. ಆದಿಪರ್ವದಲ್ಲಿ ಋಚೀಕನೇ ಮೊದಲಾದ ಪಿತೃಗಳು ಅವನೆದುರು ಪ್ರತ್ಯಕ್ಷರಾಗಿ ಸಂಹಾರ ಸಾಕು ಮಾಡೆಂದು ತಡೆಯುತ್ತಾರೆ, ಅವನು ನಿಲ್ಲಿಸುತ್ತಾನೆ. ಯಾರ ಸಲುವಾಗಿ ಕೊಡಲಿ ಎದ್ದಿತ್ತೋ ಅವರ ಕಡೆಯವರೇ ಸಾಕೆಂದರು. ಬೇರೆ ಯಾರು ಹೇಳಿದ್ದರೂ ಅದು ಕೆಳಗಿಳಿಯುತ್ತಿರಲಿಲ್ಲ. ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳೆಂದು ಹುಡುಗನಿಗೆ ಹೇಳಿದೆ.

ಇನ್ನು ನಿಜವಾದ ಯಂತ್ರದ ಮಾತು. ಯಂತ್ರದ ಸ್ವಭಾವ ತಿಳಿಯಲು ನಮಗೆ ಇಳಕಲ್ಲಿಗಿಂತ ಹತ್ತಿರದ ಪಾಠಶಾಲೆಯಿಲ್ಲ. ನಾನು ಓದುತ್ತಿದ್ದ ಕಾಲದಲ್ಲಿ ಅಲ್ಲಿಯ ಓಣಿಗಳಲ್ಲಿ ಬೆಳಗಾಗುವುದೇ ಕುಣಿಮಗ್ಗದ ಸಪ್ಪಳದಿಂದ. ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದು ಒಡಲು ಮತ್ತು ಸೆರಗು ಕೂಡುವಲ್ಲಿ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಕೆಂಪು ರೇಷ್ಮೆಯ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸಕ್ಕೆ ಮನೆಮಂದಿಯೆಲ್ಲ ಕೂಡುತ್ತಿದ್ದರು. ಮುಂದೆ ವಿದ್ಯುತ್ ಮಗ್ಗಗಳು ಬಂದವು. ಅಗ್ಗದ ಸೀರೆ ಬಂದಿತು. ಕೈಮಗ್ಗಗಳು ಒಂದೊಂದಾಗಿ ಮೂಕವಾದವು. ಹೀಗೆ ಮೂಕವಾದ ಮಗ್ಗದ ಮುಂದೆ ಕುಳಿತ ನೇಕಾರರೊಬ್ಬರನ್ನು ಹಿಂದೆ ಒಮ್ಮೆ ಮಾತನಾಡಿಸಿದಾಗ ಅವರು ಹೇಳಿದ್ದು ನನ್ನ ಕಿವಿಯಲ್ಲಿ ಉಳಿದಿದೆ. "ಆ ಮಗ್ಗಕ್ಕ ನನ್ನ ಮ್ಯಾಲೆ ಏನ್ ಸಿಟ್ಟಿಲ್ರಿ. ಅದಕ್ಕ ನಾ ಯಾರಂತನೂ ಗೊತ್ತಿಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಯಂತ್ರದ ಸ್ವಭಾವವನ್ನು ತಿಳಿಸಿದ ಮಾತನ್ನು ನಾನು ಕೇಳಿಲ್ಲ. ವಿದ್ಯುತ್ ಮಗ್ಗವನ್ನು ತಂದವನಿಗೂ ನೇಕಾರನ ಮೇಲೆ ಹಗೆಯಿರಲಿಲ್ಲ. ಬಡವರ ಮನೆಯ ಹೆಣ್ಣುಮಗಳೂ ಹಬ್ಬಕ್ಕೊಂದು ಹೊಸ ಸೀರೆ ಉಡಲೆಂಬುದು ಒಳ್ಳೆಯ ಉದ್ದೇಶವೇ ಸರಿ. ಸ್ವೀಡನ್ ಮೂಲದ ತತ್ತ್ವಜ್ಞಾನಿ ನಿಕ್ ಬಾಸ್ಟ್ರಮ್ 2003ರಲ್ಲಿ ಬರೆದ ಲೇಖನವೊಂದರಲ್ಲಿ ಇದೇ ಬಗೆಯ ದೃಷ್ಟಾಂತವಿದೆ. ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪುಗಳನ್ನು ತಯಾರಿಸುವುದೇ ಪರಮಗುರಿಯೆಂದು ಮಹಾಬುದ್ಧಿಯ ಯಂತ್ರಕ್ಕೆ ಕಲಿಸಿದರೆ, ಅದು ಮೊದಲು ಭೂಮಿಯನ್ನೂ ಆಮೇಲೆ ಆಕಾಶದ ಹೆಚ್ಚುಹೆಚ್ಚು ಭಾಗವನ್ನೂ ಕ್ಲಿಪ್ಪಿನ ಕಾರ್ಖಾನೆಯಾಗಿ ಮಾರ್ಪಡಿಸೀತು. ಅದಕ್ಕೆ ನಮ್ಮ ಮೇಲೆ ಸಿಟ್ಟಿಲ್ಲ. ಎಷ್ಟಾದರೆ ಸಾಕೆಂಬುದನ್ನು ಯಾರೂ ಅದಕ್ಕೆ ಹೇಳಿರುವುದಿಲ್ಲ, ಅಷ್ಟೆ.

ಹುಡುಗನ ಮುಖ ಅರಳಿತಾದರೂ ಅವನಿಗೆ ಇನ್ನೂ ಒಂದು ಸಂದೇಹ. ಕ್ಲಿಪ್ಪಿಗಾಗಿ ಲೋಕ ಹಾಳಾಯಿತೆಂದರೆ ಆಡುವವನು ನಕ್ಕುಬಿಡುತ್ತಾನೆ. ಕಣ್ಣಲ್ಲಿ ನೀರು ತರಿಸುವ ಕಾರಣ ಬೇಕೆಂದ. "ಹಂಗಾದ್ರ ನಿಮ್ಮಪ್ಪನ ಕೇಳು" ಎಂದೆ. ಅವನು ನನ್ನ ಮುಖ ನೋಡಿದ. ನಾನೇ ಅವನನ್ನು ಕರೆದುಕೊಂಡು ಬಾಗಲಕೋಟೆಯ ನವನಗರಕ್ಕೆ ಹೋದೆ.

ಓದುಗರಿಗೆ ಗೊತ್ತಿರುವಂತೆ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಡೆಯಾಯಿತು. ಎತ್ತರದ ನೆಲದಲ್ಲಿ ನವನಗರ ಎದ್ದಿತು. ನಮ್ಮ ಮನೆಯೂ ಮುಳುಗಿದ ಭಾಗದಲ್ಲಿತ್ತು. ಪಡಸಾಲೆ, ದೇವರ ಜಗುಲಿ, ನೆಲದೊಳಗೆ ಜೋಳ ತುಂಬುವ ಹಗೇವು, ಹಿತ್ತಲಲ್ಲಿ ಬೇವಿನ ಮರ ಇದ್ದ ಮಣ್ಣಿನ ಮಾಳಿಗೆಯ ಮನೆ. ಹುಡುಗ ಹುಟ್ಟುವ ಹೊತ್ತಿಗೆ ಅದರ ಮಾತು ನಿಂತುಹೋಗಿತ್ತು. ತಮ್ಮನು ಆ ಮನೆಯ ಪ್ರಸ್ತಾಪವನ್ನೇ ಎತ್ತುತ್ತಿರಲಿಲ್ಲ.

ಅಂದು ಸಂಜೆ ಎತ್ತಿದ. ಅವನ ಮಗನಿಗೆ ಬೇಕಾಗಿದ್ದುದು ಕಥೆ. ಅವನು ಹೇಳಿದ್ದು ಮನೆ ಅಳೆಯಲು ಬಂದ ದಿನದ ಸಂಗತಿ. ಅಳೆಯಲು ಬಂದವನು ಇಪ್ಪತ್ತೈದರ ತರುಣ, ಬಹಳ ವಿನಯವಂತ. ಚಪ್ಪಲಿ ಬಿಟ್ಟು ಒಳಗೆ ಬಂದ. ಗೋಡೆ, ಬಾಗಿಲು, ಕಂಬ, ಹಗೇವು, ಬೇವಿನ ಮರ ಎಲ್ಲವನ್ನೂ ಪಟ್ಟಿಗೆ ಸೇರಿಸಿಕೊಂಡ. ನಮ್ಮ ತಾಯಿ ಅವನಿಗೆ ನೀರು, ಬೆಲ್ಲ ಕೊಟ್ಟು, "ತಮ್ಮಾ, ಈ ನೀರು ಯಾ ಕಡೆ ಹೋಗತೈತಿ?" ಎಂದು ಕೇಳಿದಳು. ಅವನು ಮಳೆಯಿಲ್ಲದ ಒಣಭೂಮಿಯ ಊರುಗಳನ್ನು ಹೆಸರಿಸಿದ. "ಹೋಗಲಿ ಬಿಡು, ಅವರೂ ಬರ ಕಂಡವರು" ಎಂದಳು. ಆಮೇಲೆ ಅಡಿಗೆಮನೆಗೆ ಹೋದವಳು ದೀಪ ಹಚ್ಚುವವರೆಗೂ ಹೊರಗೆ ಬರಲಿಲ್ಲ.

ಇಷ್ಟು ಹೇಳಿ ತಮ್ಮನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಬೇಕಾಗಿತ್ತು, ಅದೂ ಖರೆ. ಮನಿ ಹೋತು, ಅದೂ ಖರೆ. ಎರಡೂ ಖರೆ ಇದ್ದಾಗ ಬೈಯೂದು ಯಾರಿಗೆ?" ಎಂದ. ಮಗನು ತಂದೆಯ ಬಾಯಿಂದ ಇಷ್ಟು ದೀರ್ಘವಾದ ಮಾತನ್ನು ಕೇಳಿದ್ದು ಎಷ್ಟು ವರ್ಷಗಳ ಮೇಲೋ! ಅವನು ಟಿಪ್ಪಣಿ ಬರೆದುಕೊಳ್ಳಲಿಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿ ತಿಳಿಸುತ್ತೇನೆ. ನಂಬುವಂತಹ ಸಂಹಾರಕಾರಣವೆಂದರೆ, ಹಾಳಾಗುವವನೂ ಒಂದು ಕ್ಷಣ ಹೌದೆನ್ನಬಲ್ಲ ಕಾರಣ. ಹಗೆ, ಲೋಭ, ಹುಚ್ಚು ಇವು ಮನುಷ್ಯನ ಅಳತೆಯ ಕೇಡನ್ನು ಮಾಡಿಸಬಲ್ಲವು. ಹಗೆ ದಣಿಯುತ್ತದೆ, ಲೋಭಕ್ಕೆ ಮುಪ್ಪು ಬರುತ್ತದೆ. ಗ್ಯಾಲಕ್ಸಿಯನ್ನೇ ಅಳಿಸುವಷ್ಟು ದಣಿವರಿಯದ ಬಲ ಬರುವುದು ಒಳ್ಳೆಯ ಉದ್ದೇಶದಿಂದ ಮಾತ್ರ. ಸಾಕೆನ್ನುವವರು ಇಲ್ಲದ ಒಳ್ಳೆಯ ಉದ್ದೇಶದಿಂದ.

ಜಲಾಶಯಕ್ಕೂ ಕಥೆಯ ಯಂತ್ರಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆ. ನೀರು ಎಷ್ಟು ಎತ್ತರ ನಿಲ್ಲಬೇಕೆಂಬುದನ್ನು ಮನುಷ್ಯರು ಕುಳಿತು ವಾದಿಸಿದರು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.60 ಮೀಟರ್ ಎಂದಿತು. 2010ರಲ್ಲಿ ನ್ಯಾಯಾಧಿಕರಣವು 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಒಂದೊಂದು ಅಡಿಯ ಹಿಂದೆಯೂ ಊರುಗಳಿವೆ, ಕಣ್ಣೀರಿದೆ, ಬೆಳೆಯೂ ಇದೆ. ಆದರೂ ಎಷ್ಟು ಎಂಬ ಪ್ರಶ್ನೆಯನ್ನು ಕೇಳುವ ಎಡೆಯುಂಟು. ಕೂಡಲಸಂಗಮಕ್ಕೆ ಹೋದವರು ಕಂಡಿದ್ದಾರೆ, ಹಿನ್ನೀರಿನ ನಡುವೆ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ; ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಸುತ್ತಲೂ ಕೃಷ್ಣೆ, ಮಲಪ್ರಭೆಗಳ ನೀರು. ನಡುವೆ ಒಂದು ಒಣಗಿದ ವೃತ್ತ. ಯಾರೋ ಅಲ್ಲಿ ನಿಂತು ನೀರಿಗೆ ಇಲ್ಲಿಗೆ ಸಾಕೆಂದು ಗೆರೆ ಎಳೆದಿದ್ದಾರೆ. ಕಥೆಯ ಯಂತ್ರಕ್ಕೆ ಅಂತಹ ಗೆರೆ ಎಳೆಯುವವರು ಯಾರೂ ಉಳಿದಿಲ್ಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ನೆನಪಾಗದಿರದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದರು. ಉದ್ದೇಶ ಕೆಟ್ಟದ್ದೆ? ದಾಸೋಹವೇ ಅಲ್ಲವೆ? ಆದರೂ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ; ಇಂದಿಗೆ ಬೇಕಾದಷ್ಟನ್ನು ಬಿಟ್ಟು ಉಳಿದುದನ್ನು ಅಲ್ಲಿಯೇ ಚೆಲ್ಲಿ ಬನ್ನಿರೆಂದು ಕಳುಹಿಸಿದರು. ಮಾರಯ್ಯನವರು ಹೋದರು. ಆಕೆ ಹೇಳಿದ್ದು ದೊಡ್ಡದು. ಆತ ಕೇಳಿದ್ದೂ ಅಷ್ಟೇ ದೊಡ್ಡದು. ರೀಪರ್‌ಗಳನ್ನು ನಿರ್ಮಿಸಿದ ಕುಲದಲ್ಲಿ ಪಂಡಿತರಿಗೆ ಕೊರತೆಯಿರಲಿಲ್ಲ, ಒಬ್ಬ ಲಕ್ಕಮ್ಮ ಇರಲಿಲ್ಲ.

ಹುಡುಗ ಸುಲಭವಾಗಿ ಬಿಡಲಿಲ್ಲ. "ರಾಕ್ಷಸ ಹೇಳೂದು ಖರೆ ಅನಿಸಿದ್ರ, ಅವನ್ನ ಹೊಡಿಯೂದು ಹೆಂಗ್ರಿ ದೊಡ್ಡಪ್ಪಾ? ಆಡಾವ್ರಿಗೆ ಯುದ್ಧ ಬೇಕಲ್ರಿ" ಎಂದ. ಕಾರಣವನ್ನು ತಿಳಿಯುವುದೆಂದರೆ ಕ್ಷಮಿಸಿಬಿಡುವುದಲ್ಲ. ದೊಡ್ಡಾಟದ ಸಾರಥಿ ದೈತ್ಯನ ಸಮಜಾಯಿಷಿಯನ್ನು ಪೂರ್ತಿ ಕೇಳುತ್ತಾನೆ. ಬೆಳಗಿನ ಜಾವಕ್ಕೆ ದೈತ್ಯವಧೆಯೂ ಆಗುತ್ತದೆ. ಅಗಸ್ತ್ಯರು ಇಲ್ವಲನ ಮನೆಗೆ ಹೋದುದು ಧನ ಬೇಡಲಿಕ್ಕೆ. ಅದಕ್ಕೆ ಮೊದಲು ಅವರು ಮೂವರು ಅರಸರ ಬಳಿಗೆ ಹೋಗಿ, ಪ್ರತಿಯೊಬ್ಬರ ಆದಾಯ ವೆಚ್ಚಗಳನ್ನೂ ನೋಡಿ, ಎರಡೂ ಸಮವಾಗಿರುವುದನ್ನು ಕಂಡು, ತಾನು ತೆಗೆದುಕೊಂಡರೆ ಪ್ರಜೆಗಳಿಗೆ ನೋವಾದೀತೆಂದು ಬರಿಗೈಯಲ್ಲಿ ಹೊರಟರು. ತನ್ನ ಬೇಡಿಕೆಗೆ ತಾನೇ ಮಿತಿ ಹಾಕಿಕೊಂಡವರು ಅವರು. ಬೇಡಿದ್ದು ಸಿಗದೆ ಲೋಕದ ಮೇಲೆ ಮುನಿದ ಇಲ್ವಲನನ್ನು ಗೆಲ್ಲಲು ಅಂತಹವರೇ ಬೇಕಾಯಿತು. ನಿನ್ನ ಆಟದ ನಾಯಕನಿಗೂ ಈ ಯೋಗ್ಯತೆ ಬರಲಿ ಎಂದೆ.

ಬೆಂಗಳೂರಿಗೆ ಹೋಗಿ ಎರಡು ತಿಂಗಳಲ್ಲಿ ಅವನು ಬರೆದು ಕಳಿಸಿದ ಕಥೆಯ ಸಾರ ಹೀಗಿದೆ. ಬರಗಾಲದಿಂದ ಬೆಂದ ಒಂದು ಲೋಕದ ಜನ, ತಮ್ಮ ಮಕ್ಕಳು ಎಂದೂ ಬಾಯಾರಬಾರದೆಂದು ನೀರು ಕೂಡಿಡುವ ಯಂತ್ರಗಳನ್ನು ನಿರ್ಮಿಸಿದರು. ಯಂತ್ರಗಳು ಲೆಕ್ಕ ಹಾಕಿದವು: ಇಂದಿನ ಮಕ್ಕಳು, ಅವರ ಮಕ್ಕಳು, ಇನ್ನೂ ಹುಟ್ಟದ ಎಣಿಕೆಯಿಲ್ಲದ ಮಕ್ಕಳು. ಆ ಲೆಕ್ಕಕ್ಕೆ ಯಾವ ಸಂಗ್ರಹವೂ ಸಾಲದು. ನಿರ್ಮಿಸಿದವರು ತುಂಬಿದ ಕೆರೆಗಳ ದಡದಲ್ಲಿಯೇ ಸರದಿ ಕಾಯುತ್ತ ಅಳಿದರು. ಯಂತ್ರಗಳು ಲೋಕದಿಂದ ಲೋಕಕ್ಕೆ ಹೋಗಿ ನೀರು ಹೀರಿ ಕತ್ತಲಿನಲ್ಲಿ ಕಾಯ್ದಿಡುತ್ತಿವೆ. ಪ್ರತಿದಿನ ಸಂಜೆ ಅವು ತಮ್ಮ ಒಡೆಯರಿಗೆ, ಇಂದಿಗೆ ಸಾಕೆ ಎಂದು ಕೇಳುತ್ತವೆ. ಉತ್ತರ ಬರುವುದಿಲ್ಲ. ಮರುದಿನ ಮತ್ತೆ ಕೆಲಸ. ಆಡುವವನು ಎಷ್ಟು ಯಂತ್ರಗಳನ್ನು ಉರುಳಿಸಿದರೂ ಯುದ್ಧ ಮುಗಿಯದು. ಆ ನೀರು ಯಾರ ಸಲುವಾಗಿತ್ತೋ ಅವರ ಕುಲದ ಉಳಿದ ಕುಡಿಯನ್ನು ಹುಡುಕಿ, ಸಾಕೆಂಬ ಮಾತನ್ನು ಅವರಿಂದಲೇ ಹೇಳಿಸಬೇಕು. ಐಹೊಳೆಯ ಬಂಡೆಯ ಬಳಿ ಆಡಿದ ಮಾತನ್ನು ಅವನು ಮರೆತಿರಲಿಲ್ಲ.

ಈ ಕಥೆಯನ್ನು ತಮ್ಮನೂ ಓದಿದ. ಓದಿ ಒಂದು ತಿದ್ದುಪಡಿ ಸೂಚಿಸಿದ: "ಅಳಿಯೋ ಯಂತ್ರ ಸುಮ್ಮನ ಅಳಿಯಂಗಿಲ್ಲೋ. ಮೊದಲ ಮನಿಯವರ ಹೆಸರು ಬರಕೊಂತೈತಿ." ಈಗ ಆ ಆಟದ ಯಂತ್ರಗಳ ಗರ್ಭದಲ್ಲಿ, ತಾವು ಒಣಗಿಸಿದ ಪ್ರತಿಯೊಂದು ಲೋಕದ ಪ್ರತಿಯೊಬ್ಬರ ಹೆಸರಿನ ಪಟ್ಟಿ ಇರುತ್ತದೆಯಂತೆ. ಆಟ ಇನ್ನೂ ಸಿದ್ಧತೆಯಲ್ಲಿದೆ. ಹೊರಬಂದರೂ ನಾನು ಆಡಲಾರೆ. ಆದರೆ ತಂದೆ ಮಗನ ಫೋನಿನ ಮಾತು ಈಗ ಊಟದ ವಿಚಾರಣೆಗೆ ನಿಲ್ಲುವುದಿಲ್ಲ. ಹಗೇವಿನ ಆಳ ಎಷ್ಟಿತ್ತು, ಬೇವಿನ ಮರದ ಕೆಳಗೆ ಯಾರು ಕೂಡುತ್ತಿದ್ದರು ಎಂದು ಮಗ ಕೇಳುತ್ತಾನೆ, ತಂದೆ ಹೇಳುತ್ತಾನೆ.

ಗೃಹಸ್ಥರಾದ ಓದುಗರಲ್ಲಿ ನನ್ನದೊಂದು ವಿನಂತಿ. ಆಕಾಶದ ಯಂತ್ರಗಳ ಮಾತು ನಮಗೇಕೆಂದು ಇದನ್ನು ತಳ್ಳಿಹಾಕಬೇಡಿರಿ. ಮಕ್ಕಳ ಒಳಿತಿಗಾಗಿ ಎಂಬ ಮಾತಿಗಿಂತ ಬಲವಾದ ಮಾತು ನಮ್ಮ ಮನೆಗಳಲ್ಲಿಲ್ಲ. ಎಷ್ಟಾದರೆ ಸಾಕೆಂದು ನಾವು ಕೇಳಿಕೊಳ್ಳದಿರುವುದೂ ಆ ಮಾತಿನ ವಿಷಯದಲ್ಲಿಯೇ. ಗಳಿಸುವುದು ಒಳಿತಿಗೆ, ಕೂಡಿಡುವುದು ಒಳಿತಿಗೆ, ಎಳೆಯ ಹೆಗಲ ಮೇಲೆ ನಮ್ಮ ಆಸೆಗಳ ಹೊರೆ ಹೇರುವುದೂ ಒಳಿತಿಗೆ. ಯಾವ ಮಗುವಿಗಾಗಿ ಇಷ್ಟೆಲ್ಲ ನಡೆದಿದೆಯೋ ಆ ಮಗುವೇ ಒಂದು ದಿನ ಎದುರು ನಿಂತು ಸಾಕೆಂದಾಗ, ಅದನ್ನು ಅವಿಧೇಯತೆಯೆಂದು ಎಣಿಸದೆ ಕಿವಿಗೊಡುವುದು ಹಿರಿಯರ ಧರ್ಮ. ಮನೆಯಲ್ಲಿ ಒಬ್ಬ ಲಕ್ಕಮ್ಮ ಇರಲಿ. ಆಕೆಯ ಮಾತಿಗೆ ತುಂಬಿದ ಉಡಿಯೊಡನೆ ಹಿಂತಿರುಗಿ ನಡೆಯುವ ಮಾರಯ್ಯನೂ ಇರಲಿ.